ದೈವ ಐದನೆಯದು

ಯಾವುದೇ ಕೆಲಸ ನೆರವೇರಬೇಕಾದರೆ ಐದು ಕಾರಣಗಳು ಕೂಡಬೇಕು ಎಂದು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಹೇಳುತ್ತದೆ. ಕೆಲಸಕ್ಕೊಂದು ನೆಲೆ, ಮಾಡುವ ಕರ್ತೃ, ಅವನ ಸಾಧನಗಳು, ಅವನು ಪಡುವ ಬಗೆಬಗೆಯ ಪ್ರಯತ್ನ, ಐದನೆಯದಾಗಿ ದೈವ. ನೆಲೆಯೆಂದರೆ ದೇಹ ಎಂದು ಭಾಷ್ಯಕಾರರು ಅರ್ಥ ಮಾಡುತ್ತಾರೆ. ಮನೆಮಠದ ವಿಚಾರ ಬರೆಯುವಾಗ ಅದನ್ನು ಸ್ವಲ್ಪ ಹಿಗ್ಗಿಸಿ, ಆ ದೇಹ ವಾಸಿಸುವ ಜಾಗವೆಂದೂ ಓದಿಕೊಳ್ಳುವ ಸಲಿಗೆ ತೆಗೆದುಕೊಳ್ಳುತ್ತೇನೆ. ಪಟ್ಟಿಯಲ್ಲಿ ದೈವಕ್ಕೆ ಸ್ಥಾನವಿದೆ ಎಂಬುದನ್ನು ಎಲ್ಲರೂ ಗಮನಿಸುತ್ತಾರೆ. ಅದಕ್ಕೆ ಕೊಟ್ಟಿರುವ ಸ್ಥಾನ ಯಾವುದು ಎಂಬುದನ್ನು ಗಮನಿಸುವವರು ಕಡಿಮೆ. ಈ ಕ್ರಮವನ್ನು ಪರೀಕ್ಷಿಸುವುದಕ್ಕೆ ಅಟ್ಲಾಂಟಿಕ್ ಸಾಗರದ ಪಶ್ಚಿಮ ದಂಡೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪ್ರತಿವರ್ಷ ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಹರಿಕೇನ್‌ಗಳ ಕಾಲ. ಗಂಟೆಗೆ 119 ಕಿಲೋಮೀಟರ್ ದಾಟಿದ ಗಾಳಿಗೆ ಅಲ್ಲಿನವರು ಆ ಹೆಸರು ಕೊಡುತ್ತಾರೆ, 252 ದಾಟಿದರೆ ಅದು ಐದನೆಯ, ಅಂದರೆ ಕಡೆಯ ದರ್ಜೆ. ಅದೇ ದಂಡೆಯ ಬಹಳಷ್ಟು ಜನ ಚರ್ಚಿಗೆ ಹೋಗುವವರು, ದೇವರನ್ನು ಗಟ್ಟಿಯಾಗಿ ನಂಬಿದವರು. ಹಾಗಾಗಿ ಹಳೆಯ ಪ್ರಶ್ನೆಯೊಂದು ಅಲ್ಲಿ ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಏಳುತ್ತದೆ. ಕಿಟಕಿಗೆ ಹಲಗೆ ಹೊಡೆದು, ನೀರು ತುಂಬಿಟ್ಟು, ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಕೂರುವುದು ದೇವರ ಮೇಲಿನ ಅಪನಂಬಿಕೆಯೇ? ಒಬ್ಬರು ಹೌದೆನ್ನುತ್ತಾರೆ, ಗಾಳಿ ಅವನದು, ಕಾಯುವವನೂ ಅವನೇ ಎಂದು. ಇನ್ನೊಬ್ಬರು ಅದೇ ಮಾತನ್ನು ತಿರುಗಿಸಿ, ನಂಬಿಕೆಯೇ ಜನರನ್ನು ಕೈಕಟ್ಟಿ ಕೂರಿಸಿ ಕೊಲ್ಲುತ್ತದೆ ಎನ್ನುತ್ತಾರೆ. ಇಬ್ಬರ ತಪ್ಪೂ ಒಂದೇ ಎಂಬುದು ನನ್ನ ವಾದ. ದೈವದ ಪಾಲು ಹೆಚ್ಚಿದರೆ ಮನುಷ್ಯನ ಪಾಲು ಇಳಿಯುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿದ್ದಾರೆ. ಗೀತೆಯ ಪಟ್ಟಿ ಹಾಗೆ ಹೇಳುವುದಿಲ್ಲ, ಹರಿಕೇನ್‌ಗಳ ಚರಿತ್ರೆಯೂ ಹಾಗೆ ಹೇಳುವುದಿಲ್ಲ.

ಮೊದಲು ಚರಿತ್ರೆ. ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಒಂದು ಮರಳು ದ್ವೀಪ. 1900ರಲ್ಲಿ ಅದರ ಅತಿ ಎತ್ತರದ ನೆಲವೂ ಸಮುದ್ರಮಟ್ಟದಿಂದ ಮೂರು ಮೀಟರ್ ಇರಲಿಲ್ಲ. ಆ ವರ್ಷದ ಸೆಪ್ಟೆಂಬರ್ 8ರಂದು ಉಕ್ಕಿಬಂದ ಕಡಲು ನಾಲ್ಕೂವರೆ ಮೀಟರ್ ಎತ್ತರಕ್ಕೆ ಏರಿತು. ಸತ್ತವರ ಲೆಕ್ಕ ಇವತ್ತಿಗೂ ಖಚಿತವಾಗಿಲ್ಲ, ಎಂಟು ಸಾವಿರ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಕಡಲ ಮಗ್ಗುಲಲ್ಲೇ ಸೇಂಟ್ ಮೇರಿ ಅನಾಥಾಲಯವಿತ್ತು. ಅಲ್ಲಿ 10 ಸನ್ಯಾಸಿನಿಯರು, 93 ಮಕ್ಕಳು. ನೀರು ಏರುತ್ತಿದ್ದಂತೆ ಸನ್ಯಾಸಿನಿಯರು ಮಕ್ಕಳನ್ನೆಲ್ಲ ಗಟ್ಟಿಯಾದ ಕಟ್ಟಡಕ್ಕೆ ಸೇರಿಸಿ, ಸ್ತೋತ್ರ ಹಾಡಿಸಿ, ಬಟ್ಟೆ ಒಣಹಾಕುವ ಹಗ್ಗದಿಂದ ಆ ಪುಟ್ಟ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಹತ್ತೂ ಸನ್ಯಾಸಿನಿಯರು ಸತ್ತರು, ತೊಂಬತ್ತು ಮಕ್ಕಳು ಸತ್ತರು. ಮೂವರು ಹುಡುಗರು ಮರವೊಂದನ್ನು ಹಿಡಿದುಕೊಂಡು ಬದುಕಿದರು. ಆ ಕಟ್ಟಡದಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಪ್ರೀತಿಗೂ ಇರಲಿಲ್ಲ. ಕೊರತೆ ಬೇರೆ ಕಡೆ ಇತ್ತು. ಅದೇ ತೀರದ ಇಂಡಿಯನೋಲಾ ಎಂಬ ಬಂದರು 1875ರಲ್ಲಿ ಒಮ್ಮೆ, 1886ರಲ್ಲಿ ಮತ್ತೊಮ್ಮೆ ಚಂಡಮಾರುತಕ್ಕೆ ಸಿಕ್ಕಿ ಊರೇ ಅಳಿದಿತ್ತು. ಗ್ಯಾಲ್ವೆಸ್ಟನ್ನಿನ ಗಣ್ಯರು ಕಡಲಗೋಡೆಯ ಮಾತಾಡಿದರು, ಕಟ್ಟಲಿಲ್ಲ. ಊರಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್ 1891ರಲ್ಲಿ, ಇಲ್ಲಿಗೆ ಅಂಥ ಚಂಡಮಾರುತದ ಭಯ ಬರೀ ಭ್ರಮೆ ಎಂಬರ್ಥದ ಲೇಖನವನ್ನೇ ಪತ್ರಿಕೆಯಲ್ಲಿ ಬರೆದಿದ್ದ. 1900ರ ನೀರಿನಲ್ಲಿ ಅವನ ಹೆಂಡತಿಯೂ ಹೋದಳು. ಮುಂದೆ ಆ ಊರು ಮಾಡಿದ್ದನ್ನು ಕೇಳಿ: 1904ರ ಹೊತ್ತಿಗೆ 17 ಅಡಿ ಎತ್ತರದ ಗೋಡೆಯ ಮೊದಲ ಹಂತ ಮುಗಿಸಿತು; ಕಡಲಿನಿಂದ ಹೂಳೆತ್ತಿ ತಂದ ಮರಳನ್ನು ತುಂಬಿ ನೆಲವನ್ನೇ ಎತ್ತರಿಸಿತು. ಮೂರು ಸಾವಿರ ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚನ್ನು 700 ಜಾಕಿಗಳ ಮೇಲೆ ಐದು ಅಡಿ ಮೇಲೆತ್ತಿ ಕೆಳಗೆ ಮಣ್ಣು ತುಂಬಿದರು. ದೇವರ ಮನೆಯನ್ನು ಮನುಷ್ಯರು ಜಾಕಿ ತಿರುಗಿಸಿ ಎತ್ತಿದ್ದನ್ನು ಅಪಚಾರವೆಂದು ಯಾವ ಪಾದ್ರಿಯೂ ತಡೆಯಲಿಲ್ಲ. 1915ರಲ್ಲಿ ಹೆಚ್ಚುಕಡಿಮೆ ಅಷ್ಟೇ ಬಲದ ಇನ್ನೊಂದು ಹರಿಕೇನ್ ಬಂತು. ಗೋಡೆಯ ಹಿಂದಿದ್ದ ನಗರದಲ್ಲಿ ಸತ್ತವರು ಕೆಲವೇ ಮಂದಿ.

ಒಂದೇ ಊರಿನ ಉದಾಹರಣೆ ಸಾಲದು ಎನ್ನುವವರು ನಮ್ಮ ಬಂಗಾಳಕೊಲ್ಲಿಯ ಕಡೆ ನೋಡಬಹುದು. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಬಳಿ ಅಪ್ಪಳಿಸಿದ ಮಹಾಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಕೊಂದಿತು. 2013ರಲ್ಲಿ ಫೈಲಿನ್ ಬರುವ ಮೊದಲು ಆ ರಾಜ್ಯ ಸುಮಾರು ಹತ್ತು ಲಕ್ಷ ಜನರನ್ನು ತೀರದಿಂದ ಎಬ್ಬಿಸಿತು, ಸತ್ತವರು ಕೆಲವು ಡಜನ್. 2019ರ ಮೇ 3ರಂದು ಪುರಿಯ ಬಳಿಯೇ ಫನಿ ಬಂದಾಗ 12 ಲಕ್ಷ ಜನ ಆಶ್ರಯತಾಣ ಸೇರಿದ್ದರು. ಒಡಿಶಾದಲ್ಲಿ ಸತ್ತವರು 64. ಇಪ್ಪತ್ತು ವರ್ಷಗಳಲ್ಲಿ ಕಡಲು ಬದಲಾಗಿರಲಿಲ್ಲ, ಜಗನ್ನಾಥನೂ ಬದಲಾಗಿರಲಿಲ್ಲ. 1999ರಲ್ಲಿ ಹಣೆಬರಹ ಎಂದು ಅತ್ತ ಸಾವುಗಳಲ್ಲಿ ಬಹುಪಾಲು, ಮೊದಲ ನಾಲ್ಕು ಕಾರಣಗಳನ್ನು ಪೂರೈಸದೆ ಐದನೆಯದರ ಖಾತೆಗೆ ಬರೆದವು ಎಂದು 2019 ತೋರಿಸಿಕೊಟ್ಟಿತು. ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಹಾಗಾದರೆ ದೈವವೆಂಬುದು ನಮ್ಮ ಅಜ್ಞಾನಕ್ಕೆ ಇಟ್ಟ ಗೌರವದ ಹೆಸರು ಮಾತ್ರವೇ, ಗೋಡೆ ಎತ್ತರವಾದಷ್ಟೂ ಅದು ಕುಗ್ಗಿ ಒಂದು ದಿನ ಇಲ್ಲವಾಗುವುದೇ? ಹರಿಕೇನ್ ಮುನ್ಸೂಚನೆ ಕೊಡುವವರೇ ಇದಕ್ಕೆ ಇಲ್ಲ ಎನ್ನುತ್ತಾರೆ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ನಕ್ಷೆಯ ಮೇಲೆ ಬರೆಯುವ ಶಂಕುವಿನಾಕಾರದ ದಾರಿಯೊಳಗೆ ಚಂಡಮಾರುತದ ಕೇಂದ್ರ ಉಳಿಯುವುದು ಮೂರರಲ್ಲಿ ಎರಡು ಸಲ. ಮಿಕ್ಕ ಒಂದು ಸಲ ಅದು ಗೆರೆ ದಾಟಿ ನಡೆಯುತ್ತದೆ, ಹಾಗೆ ದಾಟುವುದಕ್ಕೆ ಜಾಗ ಬಿಟ್ಟೇ ನಕ್ಷೆ ಬರೆದಿರುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಫ್ಲೋರಿಡಾದ ತೀರಕ್ಕೆ ಬಡಿದು, ನೂರಾರು ಕಿಲೋಮೀಟರ್ ಒಳನಾಡಿನ ಉತ್ತರ ಕ್ಯಾರೊಲೈನಾ ಬೆಟ್ಟಗಳಲ್ಲಿ ಹೊಳೆಗಳನ್ನು ಉಕ್ಕಿಸಿತು. ಆಶ್ವಿಲ್ ಎಂಬ ಬೆಟ್ಟದ ಊರನ್ನು ಹವಾಮಾನದ ಉಪದ್ರವಗಳಿಂದ ದೂರವಾದ ನೆಮ್ಮದಿಯ ತಾಣವೆಂದು ಜನ ಹೊಗಳುತ್ತಿದ್ದರು. ಆ ಹರಿಕೇನಿಗೆ ಬಲಿಯಾದವರು ಒಟ್ಟು ಇನ್ನೂರಕ್ಕೂ ಮಿಕ್ಕಿ. ಐದನೆಯ ಕಾರಣ ಸೊನ್ನೆಯಾಗುವುದಿಲ್ಲ. ಅದರ ಗಡಿ ಎಲ್ಲಿದೆ ಎಂದು ಕೆಲಸ ಮಾಡದೆ ಗೊತ್ತಾಗುವುದಿಲ್ಲ, ಅಷ್ಟೇ.

ಇನ್ನು ಹಣೆಬರಹದ ವಾದ. ಸಾಯುವುದು ಬರೆದಿದ್ದರೆ ಎಲ್ಲಿ ಹೋದರೂ ಸಾವು, ಬದುಕುವುದು ಬರೆದಿದ್ದರೆ ಎಲ್ಲಿ ಕೂತರೂ ಬದುಕು, ಹಲಗೆ ಹೊಡೆದು ಏನು ಪ್ರಯೋಜನ? ಇದು ನಮ್ಮ ದೇಶದ ಸ್ವತ್ತಲ್ಲ. ಗ್ರೀಕರು ಇದನ್ನು ಸೋಮಾರಿಯ ವಾದ ಎಂದೇ ಕರೆದರು, ರೋಮಿನ ಸಿಸೆರೋ ವಿಧಿಯ ಕುರಿತ ತನ್ನ ಗ್ರಂಥದಲ್ಲಿ ಅದನ್ನೂ ಅದಕ್ಕೆ ಸ್ಟೋಯಿಕ್ ದಾರ್ಶನಿಕ ಕ್ರಿಸಿಪ್ಪಸ್ ಕೊಟ್ಟ ಉತ್ತರವನ್ನೂ ದಾಖಲಿಸಿದ್ದಾನೆ. ಕ್ರಿಸಿಪ್ಪಸ್ ವಿಧಿಯನ್ನು ಅಲ್ಲಗಳೆದವನಲ್ಲ, ಪೂರಾ ನಂಬಿದವನು. ರೋಗಿ ಗುಣವಾಗುವುದು ವಿಧಿಯಾಗಿದ್ದರೆ, ಅವನು ವೈದ್ಯನನ್ನು ಕರೆಸುವುದೂ ಅದೇ ವಿಧಿಯ ಭಾಗವಾಗಿರುತ್ತದೆ ಎಂಬುದು ಅವನ ಉತ್ತರ. ಫಲವನ್ನು ಬರೆದ ಲೇಖನಿ ದಾರಿಯನ್ನೂ ಬರೆದಿರುತ್ತದೆ. ದಾರಿಯನ್ನು ಒರೆಸಿ ಫಲವನ್ನು ಮಾತ್ರ ಓದಲಾಗದು. ನಮ್ಮವರು ಇನ್ನೂ ಖಡಕ್. ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ, ದೈವವೆಂಬುದು ಹಿಂದೆ ತಾನೇ ಮಾಡಿದ ಪ್ರಯತ್ನದ ಫಲವೇ ಹೊರತು ಬೇರೆ ವಸ್ತುವಲ್ಲ ಎಂದು ಹೇಳುತ್ತಾರೆ. ವನಪರ್ವದಲ್ಲಿ ದ್ರೌಪದಿ ಧರ್ಮರಾಯನ ಎದುರು ನಿಂತು, ದೈವವನ್ನೇ ನಂಬಿ ಮಲಗುವವನನ್ನೂ ಎಲ್ಲವೂ ಆಕಸ್ಮಿಕ ಎನ್ನುವವನನ್ನೂ ಒಂದೇ ಸಾಲಿಗೆ ಸೇರಿಸಿ ಖಂಡಿಸುತ್ತಾಳೆ. ವಿಧಿಗೂ ಒಂದು ಪಾಲು ಉಂಟೆಂದು ಅವಳು ಒಪ್ಪುವುದನ್ನೂ ಮರೆಯಬಾರದು. ಅವಳ ಮಾತಿಗೆ ತೂಕ ಬರುವುದು ಅದರಿಂದಲೇ. ಜೀವನನ್ನು ಪರತಂತ್ರನೆಂದು ಸಾರಿದ ಉಡುಪಿಯ ಮಧ್ವರ ದರ್ಶನದಲ್ಲೂ ಜೀವನ ಕರ್ತೃತ್ವ ಅಳಿದುಹೋಗುವುದಿಲ್ಲ. ಜೀವ ಕರ್ತೃವಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎಂಬ ಶಾಸ್ತ್ರಕ್ಕೆ ಅರ್ಥವೇ ಇರದು ಎಂಬುದು ಬ್ರಹ್ಮಸೂತ್ರದ ತರ್ಕ. ಸೋಮಾರಿಯ ವಾದದ ಇನ್ನೊಂದು ಲಕ್ಷಣ, ಅದನ್ನು ಯಾರೂ ಪೂರ್ತಿ ಬಾಳುವುದಿಲ್ಲ. ಹಣೆಬರಹವನ್ನು ನಂಬಿ ಕಿಟಕಿಗೆ ಹಲಗೆ ಹೊಡೆಯದವನು ರಾತ್ರಿ ಮಲಗುವ ಮುನ್ನ ಬಾಗಿಲಿಗೆ ಚಿಲಕ ಹಾಕುತ್ತಾನೆ.

ಶರಣಾಗತಿಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಭಕ್ತ ತನ್ನ ಭಾರವನ್ನೆಲ್ಲ ಇಳಿಸಿಬಿಟ್ಟ ಮೇಲೆ ಮತ್ತೆ ಒಂದಷ್ಟನ್ನು ತಾನೇ ಹೊತ್ತುಕೊಳ್ಳುವುದು ಕೊಟ್ಟದ್ದನ್ನು ಹಿಂದಕ್ಕೆ ಪಡೆದಂತಲ್ಲವೇ? ಶ್ರೀವೈಷ್ಣವರು ಇದೇ ಪ್ರಶ್ನೆಯ ಮೇಲೆ ಎರಡು ಕವಲಾದರು. ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯುವ ಕೋತಿಮರಿಯಂತೆ ಜೀವ ಸ್ವಲ್ಪವಾದರೂ ಪ್ರಯತ್ನಿಸಬೇಕು ಎಂದು ವಡಗಲೆಯವರು, ತಾಯಿ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನಮರಿಯಂತೆ ಸುಮ್ಮನಿರುವುದೇ ಶರಣಾಗತಿ ಎಂದು ತೆಂಗಲೆಯವರು. ಬೆಕ್ಕಿನಮರಿಯ ಪಕ್ಷವನ್ನೇ ಹಿಡಿಯೋಣ. ಆದರೂ ಆ ಚರ್ಚೆ ಮೋಕ್ಷದ ಕುರಿತದ್ದು, ಅಟ್ಟದ ಮೇಲೆ ನೀರು ಕೂಡಿಡುವ ಕುರಿತದ್ದಲ್ಲ. ಪ್ರಪನ್ನನಾದವನು ನಿತ್ಯಕರ್ಮ ಬಿಡುವಂತಿಲ್ಲ, ಅದನ್ನು ಭಗವಂತನ ಕೈಂಕರ್ಯವೆಂದು ಮಾಡಬೇಕು ಎಂಬುದರಲ್ಲಿ ಎರಡೂ ಕವಲುಗಳಿಗೆ ಒಪ್ಪಿಗೆಯಿದೆ. ಮನೆಮಂದಿಯನ್ನು ಕಾಪಾಡುವುದು ಗೃಹಸ್ಥನ ನಿತ್ಯಕರ್ಮವಲ್ಲದೆ ಇನ್ನೇನು? ಇತರ ಧರ್ಮಗಳಲ್ಲೂ ದಾರಿ ಇದೇ. ಒಂಟೆಯನ್ನು ಕಟ್ಟಿಹಾಕಿ ದೇವರನ್ನು ನಂಬಲೋ, ಬಿಟ್ಟು ನಂಬಲೋ ಎಂದು ಕೇಳಿದವನಿಗೆ ಕಟ್ಟಿಹಾಕಿ ನಂಬು ಎಂದು ಪ್ರವಾದಿ ಹೇಳಿದ್ದಾಗಿ ಹದೀಸಿನಲ್ಲಿದೆ. ಬೈಬಲಿನ ನೋಹ ದೇವರ ಮಾತು ಕೇಳಿಸಿಕೊಂಡು ಮೊಣಕಾಲೂರಲಿಲ್ಲ, ಮರ ಕಡಿಯಲು ಹೋದ. ಇಷ್ಟೂ ಪುರಾವೆಗಿಂತ ನನಗೆ ಬಲವಾಗಿ ಕಾಣುವ ಕಾರಣ ಬೇರೊಂದಿದೆ. ಸಿದ್ಧತೆಯಿಲ್ಲದೆ ಮನೆಯಲ್ಲಿ ಉಳಿದು ದೇವರಿಗೆ ಬಿಟ್ಟಿದ್ದೇನೆ ಎನ್ನುವವನು ನಿಜವಾಗಿ ಬಿಟ್ಟಿರುವುದು ಇನ್ನೊಬ್ಬ ಮನುಷ್ಯನಿಗೆ. ಗಾಳಿ ಗಂಟೆಗೆ ಸುಮಾರು 65, 70 ಕಿಲೋಮೀಟರ್ ಮೀರಿದರೆ ಅಮೆರಿಕದ ಬಹಳಷ್ಟು ಊರುಗಳಲ್ಲಿ ಆಂಬುಲೆನ್ಸು, ಅಗ್ನಿಶಾಮಕದವರು ಹೊರಡುವುದನ್ನು ನಿಲ್ಲಿಸುತ್ತಾರೆ. ಗಾಳಿ ತಗ್ಗಿದ ಮೇಲೆ ದೋಣಿ, ಹೆಲಿಕಾಪ್ಟರ್ ಹತ್ತಿ ಬರುವವರು ಕರಾವಳಿ ರಕ್ಷಣಾ ದಳದವರು. 2005ರ ಕತ್ರೀನಾ ಹರಿಕೇನಿನ ನಂತರ ಅವರೊಬ್ಬರೇ 33,000ಕ್ಕೂ ಹೆಚ್ಚು ಜನರನ್ನು ಎತ್ತಿದರು. ತಂತಿ ಹರಿದು ಬಿದ್ದ ನೀರಿನ ಮೇಲೆ ಹಗ್ಗ ಹಿಡಿದು ಇಳಿಯುವ ಆ ಹುಡುಗನಿಗೂ ಹೆಂಡತಿ ಮಕ್ಕಳಿದ್ದಾರೆ. ಬಲ್ಲವನು, ಶಕ್ತಿಯಿರುವವನು ಸುಮ್ಮನೆ ಕೂತು ಅವನ ಪ್ರಾಣವನ್ನು ಪಣಕ್ಕಿಟ್ಟರೆ ಅದನ್ನು ಶರಣಾಗತಿ ಎಂದು ಯಾವ ಆಚಾರ್ಯರೂ ಒಪ್ಪುವುದಿಲ್ಲ.

ಬಲ್ಲವನು, ಶಕ್ತಿಯಿರುವವನು ಎಂದು ಬೇಕೆಂದೇ ಬರೆದೆ. ಏಕೆಂದರೆ ಇಲ್ಲಿಂದ ವಾದ, ನಂಬಿಕೆಯೇ ಕೊಲ್ಲುತ್ತದೆ ಎನ್ನುವ ಇನ್ನೊಂದು ಪಕ್ಷದವರ ಕಡೆ ತಿರುಗಬೇಕು. ಮಾಳಿಗೆ ಏರಿ ಕುಳಿತ ಭಕ್ತ ಎರಡು ದೋಣಿ, ಒಂದು ಹೆಲಿಕಾಪ್ಟರನ್ನು ವಾಪಸು ಕಳಿಸಿ, ಸತ್ತು ಸ್ವರ್ಗಕ್ಕೆ ಹೋಗಿ ದೇವರನ್ನು ಏಕೆ ಕಾಪಾಡಲಿಲ್ಲ ಎಂದು ಕೇಳುವ ಹಾಸ್ಯಕಥೆ ಎಲ್ಲರಿಗೂ ಗೊತ್ತು. ಕಥೆ ಚೆನ್ನಾಗಿದೆ, ಆದರೆ ನಿಜವಾಗಿ ಮಾಳಿಗೆ ಏರಿದವರಿಗೆ ಅದು ಮಾಡುವ ಅನ್ಯಾಯ ದೊಡ್ಡದು. ಇದಕ್ಕೊಂದು ವಿದ್ವತ್ತಿನ ರೂಪವೂ ಇದೆ. 1972ರಲ್ಲಿ ಸಿಮ್ಸ್ ಮತ್ತು ಬೌಮನ್ ಎಂಬ ಇಬ್ಬರು ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ, ಅಮೆರಿಕದ ದಕ್ಷಿಣದಲ್ಲಿ ಸುಂಟರಗಾಳಿಗೆ ಹೆಚ್ಚು ಜನ ಸಾಯುವುದಕ್ಕೆ ಅಲ್ಲಿನವರ ವಿಧಿವಾದವೂ ಒಂದು ಕಾರಣವಿರಬಹುದು ಎಂದು ವಾದಿಸಿದರು: ಅಲಬಾಮದವರು ಬದುಕನ್ನು ದೇವರ ಕೈಗೆ ಒಪ್ಪಿಸುತ್ತಾರೆ, ಇಲಿನಾಯ್‌ನವರು ತಾವೇ ಹಿಡಿದುಕೊಳ್ಳುತ್ತಾರೆ ಎಂದು. ದಕ್ಷಿಣದಲ್ಲಿ ರಾತ್ರಿ ಹೊತ್ತು ಬೀಸುವ ಸುಂಟರಗಾಳಿಗಳು ಹೆಚ್ಚು, ಬುನಾದಿಯಿಲ್ಲದ ಹಗುರ ಮನೆಗಳೂ ಹೆಚ್ಚು ಎಂಬುದು ಆಮೇಲೆ ಮುಂದಕ್ಕೆ ಬಂದ ಸಂಗತಿ. ಕತ್ರೀನಾದ ಕಥೆ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. 2005ರ ಆಗಸ್ಟ್ 29ರ ಬೆಳಗ್ಗೆ ಅದು ಲೂಸಿಯಾನಾ ತೀರ ಮುಟ್ಟಿತು. ನ್ಯೂ ಆರ್ಲಿಯನ್ಸ್ ಖಾಲಿ ಮಾಡಲು ಕಡ್ಡಾಯ ಆಜ್ಞೆ ಬಂದದ್ದು ಹಿಂದಿನ ದಿನ. ಆ ನಗರದ ಕಾಲು ಭಾಗಕ್ಕೂ ಹೆಚ್ಚು ಮನೆಗಳಲ್ಲಿ ಕಾರಿರಲಿಲ್ಲ. ತಿಂಗಳ ಕೊನೆ ಬೇರೆ, ಸಂಬಳವೂ ಪಿಂಚಣಿಯೂ ಬರುವುದು ಒಂದನೇ ತಾರೀಖಿಗೆ. ಕೈಯಲ್ಲಿ ಹೋಟೆಲಿಗೆ ಕೊಡಲು ದುಡ್ಡಿಲ್ಲ. ಒಡ್ಡುಗಳು ಒಡೆದು ನಗರದ ನೂರಕ್ಕೆ ಎಂಬತ್ತು ಭಾಗ ಮುಳುಗಿತು. ಆ ಒಡ್ಡುಗಳ ವಿನ್ಯಾಸವೇ ದೋಷಪೂರಿತವಾಗಿತ್ತೆಂದು ಅವನ್ನು ಕಟ್ಟಿದ ಸೇನೆಯ ಎಂಜಿನಿಯರುಗಳೇ ಮರುವರ್ಷ ಒಪ್ಪಿಕೊಂಡರು. ಲೂಸಿಯಾನಾದಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧ ಜನ 75 ದಾಟಿದ ಮುದುಕರು.

ಊರು ಬಿಡದೆ ಉಳಿದವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು 2009ರಲ್ಲಿ ನಿಕೋಲ್ ಸ್ಟೀವನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ತೋರಿಸುತ್ತದೆ. ಹೊರಗಿನಿಂದ ನೋಡಿದವರು, ಪರಿಹಾರದ ಕೆಲಸಕ್ಕೆ ಬಂದವರೂ ಸೇರಿ, ಊರು ಬಿಟ್ಟವರನ್ನು ವಿವೇಕಿಗಳು ಎಂದರು, ಉಳಿದವರನ್ನು ಜಡರು, ಸೋಮಾರಿಗಳು ಎಂದರು. ಉಳಿದವರೇ ತಮ್ಮ ಕಥೆ ಹೇಳಿದಾಗ ಅದರಲ್ಲಿ ಜಡತ್ವ ಕಾಣಲಿಲ್ಲ: ನೆರೆಯವರನ್ನು ನೋಡಿಕೊಂಡದ್ದು, ಗಟ್ಟಿ ಮನಸ್ಸು ಮಾಡಿಕೊಂಡದ್ದು, ದೇವರನ್ನು ನಂಬಿ ಎದೆಗುಂದದೆ ಇದ್ದದ್ದು, ಇವು ಇದ್ದವು. ಸಾಧನವೆಂಬ ಮೂರನೆಯ ಕಾರಣ ಅವರ ಕೈಯಲ್ಲಿ ಇರಲಿಲ್ಲ. ಇರುವ ಕಾರಣಗಳಿಂದಲೇ ಅವರು ಮಾಡಬಹುದಾದ್ದನ್ನು ಮಾಡಿದರು, ಮಿಕ್ಕದ್ದಕ್ಕೆ ದೇವರನ್ನು ಕರೆದರು. ಅವರ ನಂಬಿಕೆ ಅವರನ್ನು ಕೊಂದಿತು ಎನ್ನುವುದು ಕಾರಣವನ್ನೂ ಸಾಂತ್ವನವನ್ನೂ ಅದಲುಬದಲು ಮಾಡಿದಂತೆ. ಹಾಗಿದ್ದರೆ ಸಿದ್ಧತೆಯನ್ನು ಮನೆಮನೆಯ ಕರ್ತವ್ಯವೆಂದು ಬೋಧಿಸುವುದೇ ಕಪಟವಲ್ಲವೇ, ಒಡ್ಡು ಸರಿಯಾಗಿ ಕಟ್ಟದ ಸರ್ಕಾರ ತನ್ನ ಹೊರೆಯನ್ನು ಬಡವನ ಹೆಗಲಿಗೆ ಜಾರಿಸುವ ಉಪಾಯವಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತನ್ನು ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ಒಡಿಶಾದಲ್ಲಿ ಸಾವು ಇಳಿದದ್ದು ಪ್ರತಿ ಮನೆಯೂ ಡಬ್ಬಿಯಲ್ಲಿ ಬಿಸ್ಕತ್ತು ಕೂಡಿಟ್ಟದ್ದರಿಂದಲ್ಲ. ಸರ್ಕಾರ ಆಶ್ರಯತಾಣ ಕಟ್ಟಿ, ಬಸ್ಸು ಕಳಿಸಿ, ಅಲ್ಲಿ ಬೇಯಿಸಿದ ಅನ್ನ ಹಾಕಿದ್ದರಿಂದ. ಆದರೆ ಬಸ್ಸು ಬಂದಾಗ ಹತ್ತುವುದು ಮನೆಯವರೇ. ಅಜ್ಜನ ಮಾತ್ರೆ ಯಾವುದೆಂದು ಬಸ್ಸಿನವನಿಗೆ ಗೊತ್ತಿರುವುದಿಲ್ಲ.

ಈಗ ಮನೆಯ ಒಳಗೆ ಬರೋಣ. ಅಮೆರಿಕದ ಸಿದ್ಧತೆಯ ಪಟ್ಟಿಗಳು ಹೇಳುವುದು ಸರಳ: ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ ನೀರು, ಕನಿಷ್ಠ ಮೂರು ದಿನಕ್ಕೆ, ಒಲೆ ಹಚ್ಚದೆ ತಿನ್ನಬಹುದಾದ ಆಹಾರ, ಔಷಧಿ, ಟಾರ್ಚು, ಬ್ಯಾಟರಿ ರೇಡಿಯೊ, ಸ್ವಲ್ಪ ನಗದು, ನೀರು ತಾಗದ ಚೀಲದಲ್ಲಿ ಕಾಗದಪತ್ರ. ಇದರ ವಿರುದ್ಧ ಅಪರಿಗ್ರಹದ ಆಕ್ಷೇಪ ಒಂದಿದೆ. ನಾಳೆಗೆಂದು ಕೂಡಿಡುವುದು ಲೋಭ. ಚಂಡಮಾರುತದ ಸುದ್ದಿ ಬಂದೊಡನೆ ಅಂಗಡಿಯ ನೀರಿನ ಬಾಟಲಿಗಳೆಲ್ಲ ಕೆಲವರ ಕಾರಿಗೆ ಸೇರಿ, ಹಿಂದೆ ಬಂದವನಿಗೆ ಖಾಲಿ ಕಪಾಟು ಉಳಿಯುವುದನ್ನು ನೋಡಿದವರಿಗೆ ಈ ಆಕ್ಷೇಪ ಹಗುರವೆನಿಸದು. ಆದರೆ ಇಲ್ಲಿ ತಪ್ಪಿರುವುದು ವೇಳೆಯಲ್ಲಿ. ಮೇ ತಿಂಗಳಲ್ಲಿ ವಾರಕ್ಕೆರಡು ಬಾಟಲಿ ಕೊಂಡವನು ಯಾರ ಪಾಲನ್ನೂ ಕಿತ್ತುಕೊಂಡಿಲ್ಲ. ಆಗಸ್ಟಿನಲ್ಲಿ ಗಾಳಿ ಬರುವ ಹಿಂದಿನ ದಿನ ಎಂಟು ಪೆಟ್ಟಿಗೆ ಹೊತ್ತವನು ಕಿತ್ತುಕೊಂಡಿದ್ದಾನೆ. ಕಾರ್ಮೋಡ ಕಂಡ ಮೇಲೆ ಮಾಡುವುದು ಸಿದ್ಧತೆಯಲ್ಲ, ಗಾಬರಿ. ಅಮೆರಿಕ ಸರ್ಕಾರದ ಪ್ರವಾಹ ವಿಮೆ ಸಾಮಾನ್ಯವಾಗಿ ಕೊಂಡ 30 ದಿನಗಳ ಮೇಲಷ್ಟೇ ಜಾರಿಗೆ ಬರುತ್ತದೆ, ಮನೆಯ ಮಾಮೂಲಿ ವಿಮೆಯಲ್ಲಿ ಪ್ರವಾಹ ಸೇರುವುದೂ ಇಲ್ಲ. ಅಂದರೆ ಆಕಾಶ ನೀಲಿಯಾಗಿರುವಾಗ ಕಡಲನ್ನು ನೆನೆಯಬಲ್ಲವನಿಗೆ ಮಾತ್ರ ಅದು ಸಿಗುತ್ತದೆ. ಲೋಭಿಗೂ ಗೃಹಸ್ಥನಿಗೂ ಇರುವ ವ್ಯತ್ಯಾಸವನ್ನು ಇನ್ನೊಂದು ಕಡೆಯೂ ಕಾಣಬಹುದು, ಯಾರನ್ನು ಮನೆಮಂದಿ ಎಂದು ಲೆಕ್ಕಿಸುತ್ತೇವೆ ಎಂಬುದರಲ್ಲಿ. ಕತ್ರೀನಾ ಬಂದಾಗ ಆಶ್ರಯತಾಣಗಳಲ್ಲಿ ನಾಯಿಬೆಕ್ಕುಗಳಿಗೆ ಪ್ರವೇಶವಿರಲಿಲ್ಲ. ಅವನ್ನು ಬಿಟ್ಟುಬರಲು ಒಲ್ಲದೆ ಮನೆಯಲ್ಲೇ ಉಳಿದವರು ಅನೇಕರು. ಹೊರಗಿನವರು ಇದನ್ನು ಹುಚ್ಚು ಎಂದರು. ಮಹಾಪ್ರಸ್ಥಾನದ ಕೊನೆಯಲ್ಲಿ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತೆನೆಂದು ಧರ್ಮರಾಯ ಇಂದ್ರನಿಗೇ ಹೇಳಿದ ಕಥೆ ಕೇಳಿ ಬೆಳೆದ ನಾವು ಹಾಗೆನ್ನಲಾಗದು. ಆ ದೇಶದ ಸಂಸತ್ತು ಕೂಡ 2006ರಲ್ಲಿ, ಜನರ ಸ್ಥಳಾಂತರದ ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಜಾಗವಿರಬೇಕೆಂದು ಕಾನೂನು ಮಾಡಿತು. ಧರ್ಮ ಹೀಗೆ ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟವಾಗುವುದು ಅಪರೂಪ.

ಎಲ್ಲಕ್ಕಿಂತ ಕಷ್ಟದ ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದಕ್ಕೆ ಪೂರ್ತಿ ಉತ್ತರವಿಲ್ಲ. ಸಿದ್ಧತೆಯೂ ಕೊಲ್ಲುತ್ತದೆ. ಕತ್ರೀನಾ ಕಳೆದು ಒಂದು ತಿಂಗಳಾಗಿರಲಿಲ್ಲ, ರೀಟಾ ಎಂಬ ಹರಿಕೇನ್ ಟೆಕ್ಸಾಸಿನತ್ತ ಬಂತು. ನ್ಯೂ ಆರ್ಲಿಯನ್ಸಿನ ದೃಶ್ಯಗಳು ಕಣ್ಣಲ್ಲಿ ಇನ್ನೂ ಹಸಿಯಾಗಿದ್ದ ಹ್ಯೂಸ್ಟನ್ ಪ್ರದೇಶದ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿದ ಜನ ಒಟ್ಟಿಗೇ ರಸ್ತೆಗಿಳಿದರು. ಸುಡುಬಿಸಿಲಿನಲ್ಲಿ ಕಾರುಗಳು ಗಂಟೆಗಟ್ಟಲೆ ಕದಲದೆ ನಿಂತವು. ವೃದ್ಧಾಶ್ರಮವೊಂದರಿಂದ ಹಿರಿಯರನ್ನು ಸಾಗಿಸುತ್ತಿದ್ದ ಬಸ್ಸಿಗೆ ಡಲ್ಲಾಸ್ ಬಳಿ ಬೆಂಕಿ ಹತ್ತಿ 23 ಮಂದಿ ಸುಟ್ಟುಹೋದರು. ಸ್ಥಳಾಂತರದಲ್ಲೇ ಸತ್ತವರು ಒಟ್ಟು ನೂರರ ಆಸುಪಾಸು. ರೀಟಾ ಮಾತ್ರ ಪೂರ್ವಕ್ಕೆ ಸರಿದು ಹ್ಯೂಸ್ಟನ್ನನ್ನು ಬಹುಮಟ್ಟಿಗೆ ಬಿಟ್ಟುಹೋಯಿತು. 2020ರಲ್ಲಿ ಲಾರಾ ಬಂದು ಹೋದ ಮೇಲೆ ಲೂಸಿಯಾನಾದಲ್ಲಿ ಉಕ್ಕಿದ ಕಡಲಿಗಿಂತ ಹೆಚ್ಚು ಜನರನ್ನು ಕೊಂದದ್ದು ಕರೆಂಟು ಹೋಗಿದೆಯೆಂದು ಮನೆಯ ಬಳಿ ಹಚ್ಚಿಟ್ಟ ಜನರೇಟರುಗಳ ವಿಷದ ಹೊಗೆ. ಇವನ್ನು ಕಂಡು ಸುಮ್ಮನೆ ಕೂರುವುದೇ ಲೇಸು ಎನ್ನುವವರಿಗೆ ನನ್ನ ಉತ್ತರ ಇಷ್ಟು. ಹ್ಯೂಸ್ಟನ್ನಿನಲ್ಲಿ ರಸ್ತೆ ತುಂಬಿದವರಲ್ಲಿ ಹೆಚ್ಚಿನವರು ನೀರು ನುಗ್ಗುವ ವಲಯದವರಾಗಿರಲಿಲ್ಲ, ಹೊರಡುವ ಅಗತ್ಯವೇ ಅವರಿಗಿರಲಿಲ್ಲ. 1963ರಿಂದ 2012ರವರೆಗಿನ ಅರ್ಧ ಶತಮಾನದಲ್ಲಿ ಅಮೆರಿಕದಲ್ಲಿ ಹರಿಕೇನ್ ಮತ್ತು ಅದಕ್ಕಿಂತ ಸಣ್ಣ ಚಂಡಮಾರುತಗಳು ನೇರವಾಗಿ ಕೊಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನೀರಿಗೆ ಬಲಿಯಾದವರು, ಅದರಲ್ಲೂ ಒಟ್ಟು ಲೆಕ್ಕದ ಅರ್ಧದಷ್ಟು ಉಕ್ಕಿಬಂದ ಕಡಲಿಗೆ. ಓಡಬೇಕಾದದ್ದು ನೀರಿನಿಂದ, ಗಾಳಿಗೆ ಗಟ್ಟಿ ಮನೆಯಲ್ಲಿ ಅವಿತರೆ ಸಾಕು. ಇದನ್ನು ತಿಳಿಯದ ಭಯವೂ ಒಂದು ಬಗೆಯ ಸಿದ್ಧತೆಯಿಲ್ಲದಿರುವಿಕೆಯೇ, ಅದು ಮುಂದಿನ ಕಾರಿನ ಮುದುಕಿಯನ್ನು ಬಿಸಿಲಲ್ಲಿ ನಿಲ್ಲಿಸುತ್ತದೆ. ಪ್ರಯತ್ನ ಎಂದು ಗೀತೆ ಒಂದೇ ಮಾತು ಹೇಳಲಿಲ್ಲ, ಬಗೆಬಗೆಯ ಪ್ರಯತ್ನ ಎಂದಿತು. ಹೊರಡುವುದು ಒಂದು ಬಗೆ, ಹೊರಡದಿರುವುದು ಇನ್ನೊಂದು. ಹೀಗೆಲ್ಲ ವಿವರಿಸಿದ ಮೇಲೂ, ಸರಿಯಾಗಿಯೇ ಯೋಚಿಸಿ ಬಸ್ಸು ಹತ್ತಿಸಿದ ಆ 23 ಹಿರಿಯರ ಸಾವಿಗೆ ನನ್ನಲ್ಲಿ ಲೆಕ್ಕವಿಲ್ಲ. ಐದನೆಯ ಕಾರಣವನ್ನು ಒಪ್ಪುವುದೆಂದರೆ ಇಂಥ ಕಡೆ ಬಾಯಿ ಮುಚ್ಚುವುದು.

ರೀಟಾ ಸರಿದುಹೋದ ಮೇಲೆ ಹ್ಯೂಸ್ಟನ್ನಿನವರಿಗೆ ಉಳಿದ ಭಾವನೆ, ಎಲ್ಲ ದಂಡವಾಯಿತಲ್ಲ ಎಂಬುದು. ನನ್ನ ಮಟ್ಟಿಗೆ ಈ ಪ್ರಶ್ನೆಯ ಧಾರ್ಮಿಕ ತಿರುಳು ಇಲ್ಲೇ ಇದೆ. ಹತ್ತು ವರ್ಷ ನೀರು ತುಂಬಿಟ್ಟು, ಹತ್ತು ವರ್ಷವೂ ಗಾಳಿ ಬೇರೆ ಊರಿಗೆ ಹೋದರೆ ಆ ದುಡಿಮೆಗೆ ಫಲವೇನು? ಬಿತ್ತಿದವನಿಗೆ ಪೈರಿನ ಆಸೆಯಿರುತ್ತದೆ, ಓದಿದವನಿಗೆ ಪರೀಕ್ಷೆಯ ಆಸೆ. ಚಂಡಮಾರುತಕ್ಕೆ ಸಜ್ಜಾಗುವವನು ಮಾತ್ರ ತನ್ನ ಕೆಲಸ ಉಪಯೋಗಕ್ಕೆ ಬಾರದಿರಲಿ ಎಂದೇ ಬೇಡಿಕೊಳ್ಳುತ್ತ ಕೆಲಸ ಮಾಡುತ್ತಾನೆ. ಗಾಳಿ ಬಂದು ತನ್ನ ಜಾಣ್ಮೆ ಸಾಬೀತಾಗಲಿ ಎಂದು ಒಳಗೊಳಗೇ ಆಸೆಪಟ್ಟರೆ ಅವನು ಕೆಟ್ಟವನಾಗುತ್ತಾನೆ. ಬರಲಿಲ್ಲವೆಂದು ಬೇಸತ್ತು ಮುಂದಿನ ವರ್ಷ ಬಿಟ್ಟರೆ ಮೂರ್ಖನಾಗುತ್ತಾನೆ. ಫಲದ ಮೇಲೆ ಕಣ್ಣಿಡದೆ ಕರ್ಮ ಮಾಡು ಎಂಬ ಬೋಧೆಯನ್ನು ಯುದ್ಧಭೂಮಿಯಲ್ಲಿ ನಿಂತು ಕೇಳಿಸಿಕೊಳ್ಳುವ ಯೋಗ ನಮಗಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ತಾರೀಖು ಮೀರಿದ ನೀರಿನ ಬಾಟಲಿ ತೆಗೆದು ಹೊಸದು ಇಡುವಾಗ ಅದು ಸಿಗುತ್ತದೆ. ನಂಬಿಕೆಯಿಲ್ಲದವನಿಗೆ ಈ ಕೆಲಸ ಬರೀ ಲೆಕ್ಕಾಚಾರ, ಲೆಕ್ಕ ತಪ್ಪಿದೊಡನೆ ಬಿಡುತ್ತಾನೆ. ನಂಬಿದವನಿಗೆ ಬಿಡಲು ಕಾರಣವಿಲ್ಲ. ಸಿದ್ಧತೆ ದೇವರ ಮೇಲಿನ ಅಪನಂಬಿಕೆ ಎಂಬ ಮಾತು ನನಗೆ ತಲೆಕೆಳಗಾಗಿ ಕಾಣುವುದು ಇದರಿಂದಲೇ.

ಹ್ಯೂಸ್ಟನ್, ಟ್ಯಾಂಪಾ, ಷಾರ್ಲಟ್ ಊರುಗಳಲ್ಲಿ ಇವತ್ತು ಎಷ್ಟೋ ಕನ್ನಡದ ಮನೆಗಳಿವೆ. ಅಲ್ಲಿನ ಮಗನೋ ಮಗಳೋ ಚಂಡಮಾರುತದ ಸುದ್ದಿ ಹೇಳಿದಾಗ, ದೇವರಿದ್ದಾನೆ, ಏನೂ ಆಗಲ್ಲ ಬಿಡು ಎಂದು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಧೈರ್ಯ ಹೇಳುವ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಮುಂದಿನ ಮೇ ತಿಂಗಳಲ್ಲಿ, ಆಕಾಶ ತಿಳಿಯಾಗಿರುವಾಗಲೇ, ಮೂರು ಮಾತು ಕೇಳಿ: ನಿಮ್ಮ ಮನೆ ಖಾಲಿ ಮಾಡಬೇಕಾದ ವಲಯದಲ್ಲಿದೆಯೇ, ಪ್ರವಾಹ ವಿಮೆ ಕೊಂಡಿದ್ದೀರಾ, ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕರಿಗೆ ಕಾರಿದೆಯೇ. ಮೂರಕ್ಕೂ ಉತ್ತರ ಸಿಕ್ಕ ಮೇಲೆ ರಾಯರಿಗೆ ಹರಕೆ ಹೊತ್ತುಕೊಳ್ಳಿ.